ಎದುರು ಕುರ್ಚಿಯ ಮೇಡಂ

ಅವರು ಚಪ್ಪಾಳೆ ತಟ್ಟಿದ್ದನ್ನು ನಾನು ಒಂದು ಸಲವೂ ನೋಡಲಿಲ್ಲ. ಎಂಥ ಸೊಗಸಾದ ಆಟ ನಡೆಯುತ್ತಿದ್ದರೂ, ನಾವೆಲ್ಲ ಎದ್ದು ನಿಂತು ಕೂಗುತ್ತಿದ್ದರೂ, ಅವರ ಎರಡೂ ಕೈಗಳು ಮಡಿಲಲ್ಲಿ ಒಂದರ ಮೇಲೊಂದು ಸುಮ್ಮನೆ ಬಿದ್ದಿರುತ್ತಿದ್ದವು. ಒಂದು ಭಾನುವಾರ ಕೇಳಿಯೇಬಿಟ್ಟೆ.

“ಅಭ್ಯಾಸ ಆಗ್ಬಿಡುತ್ತೆ ಗೌಡ್ರೇ,” ಎಂದರು. “ಇವತ್ತು ಒಬ್ಬರಿಗೆ ಚಪ್ಪಾಳೆ ತಟ್ಟಿದ್ರೆ, ನಾಳೆ ಅವರ ಮ್ಯಾಚಿಗೆ ಕೂತಾಗ ಕೈ ಅದನ್ನ ನೆನಪಿಟ್ಕೊಂಡಿರುತ್ತೆ.”

ಅವರು ಟೇಬಲ್ ಟೆನಿಸ್ ಅಂಪೈರ್. ಹಗಲು ವಿಮಾ ಕಚೇರಿಯೊಂದರಲ್ಲಿ ಕೆಲಸ, ಸಂಜೆ ಲಕ್ಷ್ಮೀಪುರಂನಲ್ಲಿದ್ದ ನಮ್ಮ ಹಳೇ ಹಾಲ್. ಹೋದ ತಿಂಗಳು ತೀರಿಕೊಂಡರು. ಪತ್ರಿಕೆಯಲ್ಲಿ ಬರಲಿಲ್ಲ. ಈ ಆಟ ಆಡುವವರ ಹೆಸರೇ ಜನಕ್ಕೆ ನೆನಪಿರುವುದಿಲ್ಲ, ಇನ್ನು ಪಕ್ಕದ ಕುರ್ಚಿಯಲ್ಲಿ ಕೂತು ಸ್ಕೋರು ಹೇಳುವವರನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ನಾನೂ ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಮಗೆಲ್ಲ ಅವರು ಮೇಡಂ, ಅಷ್ಟೆ.

ನನ್ನದು ಮಂಡಿ ಮೊಹಲ್ಲಾದಲ್ಲಿ ಹಗ್ಗ, ಗೋಣಿಚೀಲಗಳ ಸಗಟು ಅಂಗಡಿ. ನಮ್ಮಪ್ಪ ನಂಜನಗೂಡಿನ ಕಡೆಯ ಹಳ್ಳಿಯಿಂದ ಬಂದು ಹಾಕಿದ್ದು. ಕಾಲೇಜಿನಲ್ಲಿ ಹತ್ತಿದ ಆಟದ ಹುಚ್ಚು ಮದುವೆಯಾದ ಮೇಲೂ ಇಳಿಯದೆ, ಅಂಗಡಿ ಮುಚ್ಚಿ ಹಾಲ್‌ಗೆ ಹೋಗುತ್ತಿದ್ದೆ. ಮೊಣಕಾಲು ನೋವು ಶುರುವಾದಾಗ ಇನ್ನು ಆಟ ಸಾಕು ಎಂದುಕೊಂಡೆ. ಆಗ ಮೇಡಂ, “ಆಡೋಕ್ಕಾಗಲ್ಲ ಅಂದ್ರೆ ನೋಡೋಕ್ಕಾಗಲ್ವಾ? ಅಂಪೈರ್ ಪರೀಕ್ಷೆಗೆ ಕೂತ್ಕೊಳ್ಳಿ,” ಎಂದು ತಾವೇ ನಿಯಮಗಳನ್ನು ಹೇಳಿಕೊಡಲು ನಿಂತರು. ಆಟಗಾರರೇ ಇಲ್ಲದ ಖಾಲಿ ಮೇಜಿನ ಪಕ್ಕ ನನ್ನನ್ನು ಕೂರಿಸಿ ಸ್ಕೋರು ಹೇಳಿಸುತ್ತಿದ್ದರು. ನನ್ನದು ಮಂಡಿ ವ್ಯಾಪಾರದ ಗಂಟಲು. ಮೊದಲನೇ ದಿನ ನಾನು ಆಟದ ಶುರುವಿನ ಸೊನ್ನೆ-ಸೊನ್ನೆಗೆ “ಲವ್ ಆಲ್” ಎಂದದ್ದಕ್ಕೆ ಹೊರಗೆ ಕಾವಲಿನವನು ಎದ್ದು ಬಂದ.

“ಗೌಡ್ರೇ, ಗೋಣಿ ಹರಾಜು ಹಾಕ್ತಿದೀರಾ?” ಎಂದರು ಮೇಡಂ. ಅವರು ನಗುವುದು ಕಣ್ಣಲ್ಲಿ ಮಾತ್ರ. ತುಟಿ ಅಲುಗುತ್ತಿರಲಿಲ್ಲ.

ತೆಳ್ಳಗಿದ್ದರು, ಎತ್ತರವಾಗಿದ್ದರು. ಕಾಟನ್ ಸೀರೆ, ಕಾಲಿಗೆ ಬಿಳೀ ಕ್ಯಾನ್‌ವಾಸ್ ಶೂ. ಪಂದ್ಯದ ದಿನ ಸೀರೆಯ ಮೇಲೆ ನೀಲಿ ಬ್ಲೇಜರ್. ಹಾಲ್‌ಗೆ ಬಂದವರೇ ಮೊದಲು ಮೇಜಿನ ಮೇಲೆ ಅಂಗೈ ಆಡಿಸಿ ಧೂಳು ನೋಡುವರು. ಆಮೇಲೆ ನೆಟ್ಟನ್ನು ಎಳೆದು ಬಿಗಿ ಮಾಡುವರು. ನಮ್ಮ ಮೋಜಿನ ಆಟಕ್ಕೂ ಅದೇ, ರಾಜ್ಯಮಟ್ಟದ ಪಂದ್ಯಕ್ಕೂ ಅದೇ. ಬಡಾವಣೆಯವರು ಗಣೇಶೋತ್ಸವದಲ್ಲಿ ರಂಗೋಲಿ ಸ್ಪರ್ಧೆಗೆ ತೀರ್ಪು ಕೊಡಲು ಕರೆದರೆ ಹೋಗುತ್ತಿರಲಿಲ್ಲ. “ರಂಗೋಲಿಯಲ್ಲಿ ಅಂಚು ಎಲ್ಲಿದೆ ಗೌಡ್ರೇ? ಎಲ್ಲಿ ಬಿದ್ರೆ ಒಳಗೆ, ಎಲ್ಲಿ ಬಿದ್ರೆ ಹೊರಗೆ? ನಂಗೆ ಅದೆಲ್ಲ ತಿಳಿಯಲ್ಲ,” ಎನ್ನುವರು.

ಮದುವೆಯಾಗಿರಲಿಲ್ಲ. ಯಾಕೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ತಾಯಿ ಇರುವವರೆಗೆ ತಾಯಿಯ ಜೊತೆಗಿದ್ದರು. ಆಮೇಲೆ ಅದೇ ಬೀದಿಯಲ್ಲಿ ಒಂದು ಮನೆಯ ಮಹಡಿಯ ಮೇಲೆ ಬಾಡಿಗೆಗಿದ್ದರು. ಕೆಳಗೆ ಮನೆಯ ಒಡತಿ ಇದ್ದರು, ವಯಸ್ಸಾದ ಹೆಂಗಸು, ಒಳ್ಳೆಯವರು. ಒಂದು ಗೌರಿ ಹಬ್ಬಕ್ಕೆ ನನ್ನ ಹೆಂಡತಿ ಮೇಡಂ ಮನೆಗೆ ಹಬ್ಬದ ತಿಂಡಿ ತೆಗೆದುಕೊಂಡು ಹೋದವಳು ವಾಪಸು ಬಂದು ಚೀಲ ಕೆಳಗಿಡದೆ ಬಾಗಿಲಲ್ಲೇ ನಿಂತಳು. ಏನಾಯಿತೆಂದು ಕೇಳಿದೆ.

“ಕಾಫಿ ಕೊಡ್ತೀನಿ ಕೂತ್ಕೊಳ್ಳಿ ಅಂದ್ರು. ಎರಡನೇ ಲೋಟ ಹುಡುಕೋಕೆ ಅವ್ರಿಗೆ ಎಷ್ಟೊತ್ತು ಹಿಡೀತು ಗೊತ್ತಾ?” ಎಂದಳು.

ಭಾನುವಾರ ಹಾಲ್‌ನಲ್ಲಿ ನಮ್ಮದೊಂದು ಗುಂಪು ಸೇರುತ್ತಿತ್ತು. ಆಟ ಮುಗಿದು ಎಲ್ಲರೂ ಸ್ಕೂಟರ್ ಹತ್ತಿದರೂ ಮೇಡಂ ಏನಾದರೊಂದು ಕೆಲಸ ಹಚ್ಚಿಕೊಂಡು ಉಳಿಯುವರು. ಬಿದ್ದಿರುವ ಚೆಂಡುಗಳನ್ನು ಆಯುವುದು, ಕಿಟಕಿ ಮುಚ್ಚುವುದು. “ಹೊರಡಿ ಮೇಡಂ, ಊಟದ ಹೊತ್ತಾಯ್ತು,” ಎಂದರೆ, “ನೀವು ಹೊರಡಿ, ನನ್ನ ಊಟ ಎಲ್ಲಿಗೂ ಹೋಗಲ್ಲ,” ಎನ್ನುವರು.

ಆಟಗಾರರ ಮನೆಗೆ ಹೋಗಬಾರದು, ಅವರ ಕೈಯಿಂದ ಏನೂ ತಿನ್ನಬಾರದು ಎನ್ನುವುದು ಅವರದೇ ಕಟ್ಟಳೆ. ಯಾವ ಪುಸ್ತಕದಲ್ಲೂ ಹಾಗೆ ಬರೆದಿಲ್ಲ. ಆ ಕಟ್ಟಳೆ ಮುರಿದದ್ದು ಒಬ್ಬಳ ವಿಷಯದಲ್ಲಿ ಮಾತ್ರ.

ಅವಳ ಹೆಸರು ಸಿಂಚನಾ. ವಿದ್ಯಾರಣ್ಯಪುರಂ ಹುಡುಗಿ. ಅವಳಮ್ಮ ಲಕ್ಷ್ಮೀಪುರಂನ ಹತ್ತಿರ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸ್, ಅಪ್ಪ ಇರಲಿಲ್ಲ. ಸ್ಕೂಲು ಬಿಟ್ಟ ಮೇಲೆ ಅಮ್ಮನ ಡ್ಯೂಟಿ ಮುಗಿಯುವ ತನಕ ಮಗು ಎಲ್ಲಿರಬೇಕು? ಹಾಲ್‌ನಲ್ಲಿ ಬಿಟ್ಟು ಹೋಗುತ್ತಿದ್ದರು. ಮೊದಮೊದಲು ಮೂಲೆಯಲ್ಲಿ ಹೋಂವರ್ಕ್ ಬರೆಯುತ್ತಾ ಕೂತಿರುತ್ತಿದ್ದಳು. ಯಾರೋ ಕೈಗೆ ಬ್ಯಾಟ್ ಕೊಟ್ಟರು. ಮೇಜು ಅವಳ ಎದೆಯ ಮಟ್ಟಕ್ಕಿತ್ತು. ಒಂದೆರಡು ವರ್ಷದಲ್ಲೇ ದೊಡ್ಡವರ ಬೆವರಿಳಿಸತೊಡಗಿದಳು.

ಮೇಡಂ ಕಚೇರಿಯಿಂದ ಬರುವಾಗ ಒಂದು ಪೊಟ್ಟಣ ತರುವುದು ಶುರುವಾಯಿತು. ನಿಪ್ಪಟ್ಟು, ಇಲ್ಲವೆ ಬಾಳೆಹಣ್ಣಿನ ರಸಾಯನ ಒಂದು ಡಬ್ಬಿಯಲ್ಲಿ. ಇಬ್ಬರೂ ಮೆಟ್ಟಿಲ ಮೇಲೆ ಕೂತು ತಿನ್ನುವರು. ಅಮ್ಮನಿಗೆ ರಾತ್ರಿ ಪಾಳಿ ಬಿದ್ದ ದಿನ ಹುಡುಗಿ ಮೇಡಂ ಮನೆಯಲ್ಲೇ ಮಲಗುತ್ತಿದ್ದಳು. ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಿದವರೂ ಮೇಡಮ್ಮೇ. ಹಾಲ್‌ನ ಒಳಗೆ ಅವಳು “ಮೇಡಂ” ಎನ್ನಬೇಕು, ಗೇಟು ದಾಟಿದ ಮೇಲೆ “ಆಂಟಿ” ಎನ್ನಬಹುದು. ಹುಡುಗಿ ಗೇಟಿನ ಹತ್ತಿರ ಬಂದಾಗ ಬೇಕೆಂದೇ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು, “ಈಗ ಏನನ್ಲಿ?” ಎಂದು ಕಾಡುವಳು. ಮೇಡಂ ಗಂಭೀರವಾಗಿ ಯೋಚಿಸಿದಂತೆ ಮಾಡಿ, “ಈಗ ಬಾಯಿ ಮುಚ್ಕೋ,” ಎನ್ನುವರು.

ಅವಳು ರಾಜ್ಯಕ್ಕೆ ಆಡಿದಳು. ಆಮೇಲೆ ದೇಶದ ಕಿರಿಯರ ತಂಡಕ್ಕೆ ಆಯ್ಕೆಯಾದಳು. ಅದೇ ವರ್ಷ, ನಮ್ಮೂರಿನ ಅದೃಷ್ಟವೋ ಏನೋ, ನೆರೆಹೊರೆ ದೇಶಗಳ ಕಿರಿಯರ ಪಂದ್ಯಾವಳಿ ಮೈಸೂರಿಗೆ ಬಂತು. ಶ್ರೀಲಂಕಾ, ನೇಪಾಳ, ಬಾಂಗ್ಲಾದೇಶ, ಭೂತಾನ್, ಮಾಲ್ಡೀವ್ಸ್. ಅಷ್ಟೂ ದೇಶಗಳ ಮಕ್ಕಳು ಟ್ರ್ಯಾಕ್‌ಸೂಟ್ ಹಾಕಿಕೊಂಡು ನಮ್ಮ ರಸ್ತೆಗಳಲ್ಲಿ ಐಸ್‌ಕ್ರೀಂ ತಿನ್ನುತ್ತಾ ಓಡಾಡುವುದನ್ನು ನೋಡಿದರೆ ಹಬ್ಬ ಬಂದಂತಿತ್ತು. ಜನ ಒಳಕ್ಕೆ ನುಗ್ಗದ ಹಾಗೆ ಒಳಾಂಗಣದ ಸುತ್ತ ಕಟ್ಟಿದ ಹಗ್ಗ ನನ್ನ ಅಂಗಡಿಯದು. ಭೂತಾನಿನ ಹುಡುಗರು ನಮ್ಮ ಸೆಖೆ ತಡೆಯಲಾಗದೆ ತಲೆಗೆ ನೀರು ಸುರಿದುಕೊಂಡು ಆಡುತ್ತಿದ್ದರು.

ಮೇಡಮ್ಮಿಗೆ ನಿವೃತ್ತಿ ಹತ್ತಿರವಾಗಿತ್ತು. ಇಂಥ ದೊಡ್ಡ ಪಂದ್ಯಾವಳಿ ಅವರ ಪಾಲಿಗೆ ಮತ್ತೆ ಬರುವಂತಿರಲಿಲ್ಲ. ಆ ದಿನಗಳಲ್ಲಿ ಇದ್ದಷ್ಟು ಗೆಲುವಾಗಿ ಅವರನ್ನು ನಾನು ಹಿಂದೆ ನೋಡಿರಲಿಲ್ಲ. ನೇಪಾಳದಿಂದ ಬಂದಿದ್ದ ಅಂಪೈರ್ ಒಬ್ಬರು, ಅಲ್ಲಿ ಶಾಲೆಯ ಮೇಷ್ಟರಂತೆ, ಮೇಡಮ್ಮನ್ನು “ದೀದಿ” ಎಂದು ಕರೆಯುತ್ತಾ ಮಧ್ಯಾಹ್ನದ ಕಾಫಿಗೆ ಜೊತೆಯಾಗುತ್ತಿದ್ದರು. ಆದರೆ ಸಿಂಚನಾಳ ಕಡೆ ಮಾತ್ರ ಮೇಡಂ ತಿರುಗಿಯೂ ನೋಡಲಿಲ್ಲ. ಹುಡುಗಿಗೂ ಅದು ಗೊತ್ತಿತ್ತು. ಎದುರಿಗೆ ಸಿಕ್ಕರೆ ತುಟಿ ಬಿಗಿಹಿಡಿದು ನಗು ನುಂಗಿಕೊಂಡು ಹೋಗುತ್ತಿದ್ದಳು.

ಹುಡುಗಿಯರ ತಂಡದ ಫೈನಲ್‌ನಲ್ಲಿ ಭಾರತಕ್ಕೆ ಎದುರಾದದ್ದು ಶ್ರೀಲಂಕಾ. ಇಂಥ ಪಂದ್ಯಕ್ಕೆ ಎರಡೂ ದೇಶಗಳಿಗೆ ಸೇರದ ಅಂಪೈರುಗಳು ಕೂರಬೇಕು. ಹೊರಗಿನಿಂದ ಬಂದವರೇ ಕಡಿಮೆ. ಅವರಲ್ಲಿ ಬಾಂಗ್ಲಾದೇಶದವರು ಬೆಳಗ್ಗೆಯಿಂದ ಜ್ವರ ಬಂದು ಮಲಗಿದ್ದರು. ಮುಖ್ಯ ಕುರ್ಚಿಗೆ ನೇಪಾಳದ ಮೇಷ್ಟರು ಸಿಕ್ಕರು. ಎದುರು ಕುರ್ಚಿಗೆ, ಅಂದರೆ ಸಹಾಯಕ ಅಂಪೈರ್ ಸ್ಥಾನಕ್ಕೆ, ಅಂಪೈರುಗಳನ್ನು ನೇಮಿಸುವ ರೆಫರಿ ಮೇಡಮ್ಮನ್ನು ಕರೆದರು.

“ಸರ್, ಆ ಹುಡುಗಿ ನನ್ನ ಕಣ್ಣೆದುರು ಬೆಳೆದವಳು. ನನ್ನನ್ನ ಹಾಕ್ಬೇಡಿ,” ಎಂದರು ಮೇಡಂ. ನಾನು ಪಕ್ಕದಲ್ಲೇ ನಿಂತಿದ್ದೆ.

“ನಿಮ್ಮನ್ನ ಬಿಟ್ರೆ ಇನ್ಯಾರಿದಾರೆ ಮೇಡಂ? ನಿಮ್ಮ ಮೇಲೆ ಯಾರೂ ಬೆರಳು ತೋರ್ಸಲ್ಲ,” ಎಂದರು ರೆಫರಿ.

ಮೇಡಂ ಬ್ಲೇಜರಿನ ಗುಂಡಿ ಹಾಕಿಕೊಂಡು ಹೋಗಿ ಕೂತರು.

ಆಟ ತಿಳಿಯದವರಿಗೆ ಒಂದು ಮಾತು. ಚೆಂಡು ಮೇಜಿನ ತುದಿಯ ಮೇಲಂಚಿಗೆ ಸವರಿದರೂ ಅದು ಮೇಜಿನ ಮೇಲೆ ಬಿದ್ದಂತೆಯೇ, ಪಾಯಿಂಟ್ ಹೊಡೆದವರಿಗೆ. ಅಂಚಿನ ಕೆಳಗೆ, ಮೇಜಿನ ಬದಿಗೆ ತಾಗಿದರೆ ಪಾಯಿಂಟ್ ಎದುರಾಳಿಗೆ. ಎರಡರ ನಡುವೆ ಕೂದಲೆಳೆಯ ಅಂತರ. ಎದುರು ಕುರ್ಚಿಯವರ ಕಡೆಯ ಅಂಚಿನಲ್ಲಿ ಹೀಗಾದರೆ ಅವರು ಹೇಳಿದ್ದೇ ಕೊನೆ. ಮುಖ್ಯ ಅಂಪೈರ್ ಕೂಡ ಅದನ್ನು ಬದಲಿಸುವಂತಿಲ್ಲ. ಮತ್ತೆ ತೋರಿಸುವ ಕ್ಯಾಮೆರಾ ಗಿಮೆರಾ ಅಲ್ಲಿರಲಿಲ್ಲ.

ಎರಡೂ ತಂಡ ಸಮ ಸಮ ಬಂದು, ಕೊನೆಯ ಆಟಕ್ಕೆ ಸಿಂಚನಾ ಇಳಿದಳು. ಶ್ರೀಲಂಕಾದ ಹುಡುಗಿ ಎಡಗೈಯವಳು, ಗುಂಡುಮುಖ, ಪ್ರತಿ ಪಾಯಿಂಟಿಗೆ ಮೊದಲು ಬ್ಯಾಟನ್ನು ಹಣೆಗೆ ಒತ್ತಿಕೊಳ್ಳುತ್ತಿದ್ದಳು. ನಾನು ಮುಖ್ಯ ಅಂಪೈರ್ ಬೆನ್ನ ಹಿಂದೆ ಕೂತಿದ್ದರಿಂದ ಮೇಡಂ ಮುಖ ನೇರವಾಗಿ ಕಾಣುತ್ತಿತ್ತು. ಕೊನೆಯ ಗೇಮ್ ಕೂಡ ಜಗ್ಗಾಡಿ ಜಗ್ಗಾಡಿ ಬಂದು, ಶ್ರೀಲಂಕಾದವಳಿಗೆ ಇನ್ನೊಂದು ಪಾಯಿಂಟ್ ಬಂದರೆ ಕಪ್ ಅವರದು ಎನ್ನುವಲ್ಲಿ ನಿಂತಿತು. ನಮ್ಮ ಜನ ನೆಲ ಅದುರುವಂತೆ “ಸಿಂಚನಾ, ಸಿಂಚನಾ” ಎಂದು ಕೂಗುತ್ತಿದ್ದರು.

ಆ ಪಾಯಿಂಟು ಉದ್ದ ಎಳೆಯಿತು. ಎಡಗೈಯವಳು ಮೈಯೆಲ್ಲ ತಿರುಗಿಸಿ ಮೇಡಂ ಕಡೆಯ ಗೆರೆಗೆ ಹೊಡೆದಳು. ಸಿಂಚನಾ ಬ್ಯಾಟ್ ಚಾಚಿದಳು. ಸಿಗಲಿಲ್ಲ. ಚೆಂಡು ಮೇಜಿನ ತುದಿಗೆ ಎಲ್ಲೋ ಸವರಿಕೊಂಡು ಹೋಗಿತ್ತು. ಎಲ್ಲಿಗೆ? ಇಬ್ಬರು ಹುಡುಗಿಯರೂ, ನೇಪಾಳದ ಮೇಷ್ಟರೂ, ಇಡೀ ಒಳಾಂಗಣವೂ ಮೇಡಮ್ಮನ್ನು ನೋಡಿತು. ಕೂಗು ಥಟ್ಟನೆ ನಿಂತಿತು.

ಮೇಡಮ್ಮಿನ ಬಲಗೈ ಎದ್ದು, ತೋರುಬೆರಳು ಮೇಜಿನ ಮೇಲಂಚನ್ನು ತೋರಿಸಿತು. ಪಾಯಿಂಟ್ ಶ್ರೀಲಂಕಾಗೆ. ಕಪ್ಪೂ ಶ್ರೀಲಂಕಾಗೆ.

ಎಡಗೈಯವಳು ಅಲ್ಲೇ ಕುಸಿದು ಕೂತು ಅತ್ತಳು. ಅವಳ ಗೆಳತಿಯರು ಓಡಿಬಂದು ಅವಳ ಮೇಲೆ ಬಿದ್ದರು. ಜನರ ಗುಂಪಿನಿಂದ ಯಾರೋ, “ಯಾರ್ ಕಡೆ ಮೇಡಂ ನೀವು?” ಎಂದು ಕೂಗಿದರು. ಇನ್ಯಾರೋ ನೀರಿನ ಬಾಟಲಿ ಎಸೆದರು. ಆಟ ಮುಗಿದ ಮೇಲೆ ಆಟಗಾರರು ಎದುರಾಳಿಯ ಕೈಕುಲುಕಿ ಅಂಪೈರುಗಳ ಕೈಕುಲುಕುವುದು ಪದ್ಧತಿ. ಸಿಂಚನಾ ಎದುರಾಳಿಯನ್ನು ತಬ್ಬಿಕೊಂಡಳು, ನೇಪಾಳದ ಮೇಷ್ಟರ ಕೈಕುಲುಕಿದಳು, ಮೇಜು ಸುತ್ತಿ ಎದುರು ಕುರ್ಚಿಯ ಕಡೆಗೆ ಬಂದಳು. ಮೇಡಂ ಎದ್ದು ನಿಂತು ಕೈ ಚಾಚಿದ್ದರು. ಹುಡುಗಿ ಆ ಕೈಯನ್ನು ನೋಡಿದಳು. ಬ್ಯಾಗು ಹೆಗಲಿಗೆ ಹಾಕಿಕೊಂಡು ಮುಂದೆ ಹೋದಳು.

ಬಾಗಿಲ ಹತ್ತಿರ ಅವಳಮ್ಮ ನಿಂತಿದ್ದರು. ಜಗಳಗಂಟಿಯಲ್ಲ ಆ ಹೆಂಗಸು. ತಗ್ಗಿದ ದನಿಯಲ್ಲೇ ಕೇಳಿದರು. “ಜ್ವರ ಬಂದಾಗ ರಾತ್ರಿಯೆಲ್ಲ ಪಕ್ಕದಲ್ಲಿ ಕೂತಿದ್ದೋರು ನೀವೇ ಅಲ್ವಾ ಮೇಡಂ? ನಿಮಗೆ ಹೆಂಗ್ ಮನಸ್ಸು ಬಂತು?”

“ಅಂಚಿಗೆ ತಾಗಿತ್ತಮ್ಮ,” ಎಂದರು ಮೇಡಂ. ಅಷ್ಟೇ.

ಯಾರದೋ ಮೊಬೈಲಿನ ವಿಡಿಯೋ ಊರೆಲ್ಲ ಓಡಾಡಿತು. ನಿಧಾನ ಮಾಡಿ, ದೊಡ್ಡದು ಮಾಡಿ ನೋಡಿದರು. ಸಿಂಚನಾಳ ಮೊಣಕೈ ಅಡ್ಡ ಬಂದು ಒಂದು ಬಿಳೀ ಗೀಟು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಕಾಣದ್ದರಿಂದ ಪ್ರತಿಯೊಬ್ಬರಿಗೂ ತಮಗೆ ಬೇಕಾದದ್ದು ಕಂಡಿತು.

ಹಾಲ್‌ಗೆ ಬರಬೇಡಿ ಎಂದು ಮೇಡಮ್ಮಿಗೆ ಯಾರೂ ಹೇಳಲಿಲ್ಲ. ಅವರು ಒಳಗೆ ಕಾಲಿಟ್ಟಾಗ ನಡೆಯುತ್ತಿದ್ದ ಮಾತು ನಿಲ್ಲುತ್ತಿತ್ತು, ಅಷ್ಟೆ. ಒಬ್ಬ ಕಿಡಿಗೇಡಿ, “ಶ್ರೀಲಂಕಾದೋರು ಟೀ ಪುಡಿ ಚೆನ್ನಾಗಿರೋದೇ ಕೊಟ್ರಾ ಮೇಡಂ?” ಎಂದ. ಕೆಲವರು ನಕ್ಕರು. ಮೇಡಂ ಎಂದಿನಂತೆ ಮೇಜಿನ ಮೇಲೆ ಅಂಗೈ ಆಡಿಸಿ ಧೂಳು ನೋಡುತ್ತಿದ್ದರು. ಇನ್ನೊಬ್ಬ, “ಬಿಡ್ರಪ್ಪ, ವಯಸ್ಸಾಯ್ತು, ಕಣ್ಣು ಕಾಣಲ್ಲ,” ಎಂದ. ಆ ಮಾತಿಗೆ ಮಾತ್ರ ಅವರು ತಲೆಯೆತ್ತಿ ನೋಡಿದರು.

ಕೆಲವು ದಿನಗಳ ಮೇಲೆ ಒಂದು ಮಧ್ಯಾಹ್ನ ನನ್ನ ಅಂಗಡಿಗೆ ಬಂದರು. ಅಲ್ಲಿಯವರೆಗೆ ಅವರು ಮಂಡಿ ಮೊಹಲ್ಲಾಕ್ಕೆ ಬಂದದ್ದೇ ಇಲ್ಲ. ಕೂಲಿಯವರು ಊಟಕ್ಕೆ ಹೋಗಿದ್ದರು. ಕುರ್ಚಿ ಕೊಡಲು ಹೋದರೆ ಬೇಡವೆಂದು ಗೋಣಿ ಪಿಂಡಿಯೊಂದರ ಮೇಲೆ ಕೂತರು.

“ಕಣ್ಣಾಸ್ಪತ್ರೆಗೆ ಹೋಗಿದ್ದೆ,” ಎಂದರು. “ಡಾಕ್ಟರು ಎಲ್ಲಾ ಥರಾ ನೋಡಿದ್ರು. ಕಣ್ಣು ಚೆನ್ನಾಗೇ ಇದೆಯಂತೆ ಕಣ್ರೀ.”

ಕಾಯಿಲೆ ಇದೆಯೆಂದು ಹೇಳುವವರ ದನಿಯಲ್ಲಿ ಹೇಳಿದರು.

“ಒಳ್ಳೇದೇ ಆಯ್ತಲ್ಲ ಮೇಡಂ. ಆ ನನ್ಮಕ್ಳ ಬಾಯಿಗೆ ಬೀಗ ಹಾಕ್ದಂಗಾಯ್ತು,” ಎಂದೆ.

“ಪೊರೆ ಗಿರೆ ಬಂದಿರುತ್ತೆ ಅಂದ್ಕೊಂಡಿದ್ದೆ. ಬಂದಿದ್ರೆ ಎಷ್ಟು ಚೆನ್ನಾಗಿತ್ತು.” ಸೀರೆಯ ಸೆರಗನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. “ಅವತ್ತು ನಂಗೆ ಕಾಣ್ಲಿಲ್ಲ ಗೌಡ್ರೇ.”

ನಾನು ಕೈಯಲ್ಲಿದ್ದ ಲೆಕ್ಕದ ಪುಸ್ತಕ ಮುಚ್ಚಿಟ್ಟೆ.

“ಸಿಂಚನಾ ಗೆಲ್ಲಲಿ ಅಂತ ಒಳಗೆ ಯಾರೋ ಕೂಗ್ತಾ ಇದ್ರು. ಹೊರಗೆ ಕೂಗ್ತಿದ್ದೋರಿಗಿಂತ ಜೋರಾಗಿ. ಇಷ್ಟು ವರ್ಷದಲ್ಲಿ ನನಗೆ ಹಾಗೆ ಯಾವತ್ತೂ ಆಗಿರ್ಲಿಲ್ಲ. ಆ ದನಿ ಕೇಳಿ ನಾನು ಹೆದರ್ಕೊಂಡ್ಬಿಟ್ಟೆ. ಚೆಂಡು ಬಂತು, ಸವರ್ತು, ಹೋಯ್ತು. ಅವಳ ಕಡೆಗೆ ಕೊಟ್ರೆ ನಾನು ಅವಳಿಗೋಸ್ಕರ ಕೊಟ್ಟ ಹಾಗಾಗುತ್ತೆ ಅನ್ನಿಸ್ತು. ಅಷ್ಟರಲ್ಲಿ ಕೈ ಎದ್ದಿತ್ತು.” ತಮ್ಮ ಬಲಗೈಯನ್ನು ನೋಡಿಕೊಂಡು, “ಬೇರೆ ಯಾವ್ದೋ ಹುಡುಗಿ ಆಗಿದ್ರೆ ಏನ್ ಕೊಡ್ತಿದ್ದೆ? ಅದೇ ಕೇಳ್ಕೊತಾ ಇದೀನಿ. ಗೊತ್ತಾಗ್ತಾ ಇಲ್ಲ,” ಎಂದರು.

“ತಾಗಿದ್ರೂ ತಾಗಿರ್ಬೌದಲ್ಲ ಮೇಡಂ?”

“ತಾಗಿರ್ಬೌದು. ತಾಗದೇನೂ ಇರ್ಬೌದು. ಅದೇ ತೊಂದ್ರೆ.”

“ಹಂಗಾದ್ರೆ ಒಂದ್ಸಲ ಆ ಹುಡ್ಗಿ ಹತ್ರ ಹೋಗಿ ಇರೋದನ್ನ ಹೇಳ್ಬುಡಿ. ಮನಸ್ಸು ಹಗುರ ಆಯ್ತದೆ.”

ಮೇಡಂ ನನ್ನನ್ನು ನೋಡಿದ ನೋಟ, ಪರೀಕ್ಷೆಗೆ ಓದಿಸುವಾಗ ತಪ್ಪು ಉತ್ತರ ಹೇಳಿದರೆ ನೋಡುತ್ತಿದ್ದಂಥದು. “ಹಗುರ ಆಗೋದು ನನಗೆ. ಆ ಶ್ರೀಲಂಕಾದ ಮಗು ಏನ್ ಮಾಡಿತ್ತು? ಅದು ಗೆದ್ದದ್ದು ಸುಳ್ಳು ಅಂತ ನಾನು ಹೇಗ್ ಹೇಳ್ಲಿ, ನನಗೇ ಗೊತ್ತಿಲ್ದೆ ಇರುವಾಗ? ಸಿಂಚನಾಗೆ ಹೇಳಿದ್ರೆ ಅವಳು ಬದುಕಿರೋ ತನಕ ನಾನು ಗೆಲ್ತಿದ್ದೆ, ಕಿತ್ಕೊಂಡ್ರು ಅಂದ್ಕೊಂಡಿರ್ತಾಳೆ. ಅದು ಬೇಡ. ನನ್ನ ಮೇಲೆ ಕೋಪ ಮಾಡ್ಕೊಂಡಿರ್ಲಿ, ಅದೇ ವಾಸಿ.”

ನಾನು ತರಿಸಿದ ಟೀ ಕುಡಿಯದೆ ಎದ್ದರು. ಬಾಗಿಲಲ್ಲಿ ನಿಂತು, “ನಿಮಗೆ ಯಾಕೆ ಹೇಳ್ದೆನೋ. ಯಾರಿಗಾದ್ರೂ ಹೇಳ್ಬೇಕಿತ್ತು. ಬೇರೆ ಯಾರೂ ಹೊಳೀಲಿಲ್ಲ,” ಎಂದರು. ಲಾರಿಯಿಂದ ಮೂಟೆ ಇಳಿಸುತ್ತಿದ್ದವರ ನಡುವೆ ದಾರಿ ಮಾಡಿಕೊಂಡು ಅವರ ಬಿಳೀ ಶೂಗಳು ಹೋಗುವುದನ್ನು ನೋಡುತ್ತಾ ನಿಂತೆ.

ಆಮೇಲೆ ಅವರು ಯಾವ ಪಂದ್ಯಕ್ಕೂ ಕೂರಲಿಲ್ಲ. ಕರೆ ಬಂದರೆ ಆರೋಗ್ಯ ಸರಿಯಿಲ್ಲವೆಂದು ಹೇಳಿಬಿಡುತ್ತಿದ್ದರು. ಕಚೇರಿಯಿಂದ ನಿವೃತ್ತಿಯೂ ಆಯಿತು. ಹಬ್ಬ ಹರಿದಿನಗಳಲ್ಲಿ ನಾವು ಗಂಡ ಹೆಂಡತಿ ಹೋದರೆ ಮಾತಾಡುವರು, ನಾವು ಹೊರಟರೆ ಮೆಟ್ಟಿಲಿಳಿದು ಗೇಟಿನವರೆಗೂ ಬರುವರು, ಗೇಟಿನಲ್ಲಿ ಮತ್ತೆ ಒಂದು ಹೊಸ ಮಾತು ತೆಗೆಯುವರು. ಆಟದ ವಿಷಯ ಮಾತ್ರ ಇಲ್ಲ. ಒಂದು ಸಲ ತಾವಾಗಿಯೇ ಕೇಳಿದರು. “ಸಿಂಚನಾಗೆ ಕ್ರೀಡಾ ಕೋಟಾದಲ್ಲಿ ಕೆಲಸ ಸಿಕ್ಕಿತಂತೆ, ಹೌದಾ?”

“ಹೂಂ ಮೇಡಂ, ಹುಬ್ಬಳ್ಳಿಲಿ. ಅವ್ರಮ್ಮನೂ ಅಲ್ಲೇ ಹೋದ್ರು.”

“ಹಾಗಾದ್ರೆ ಆ ಸೋಲಿಂದ ಅವಳಿಗೆ ನಷ್ಟ ಆಗ್ಲಿಲ್ಲ ಅಲ್ವಾ?”

“ಏನೂ ಆಗ್ಲಿಲ್ಲ ಬುಡಿ.”

“ಸದ್ಯ,” ಎಂದರು. ಆ ದಿನ ಕಾಫಿಗೆ ಸಕ್ಕರೆ ಹಾಕುವುದನ್ನೇ ಮರೆತಿದ್ದರು. ನಾನೂ ನನ್ನ ಹೆಂಡತಿಯೂ ಹೇಳದೆ ಕುಡಿದೆವು.

ಇನ್ನೊಂದು ಸಂಜೆ ಹಾಲ್‌ಗೆ ಹೋಗುವಾಗ ಕಂಡರು. ಕಾಂಪೌಂಡಿನ ಹೊರಗೆ, ಕಿಟಕಿಯ ನೇರಕ್ಕೆ ಗೋಡೆಗೆ ಒರಗಿ ನಿಂತಿದ್ದರು. ಕೈಯಲ್ಲಿ ತರಕಾರಿ ಚೀಲ. “ಒಳಗ್ ಬನ್ನಿ ಮೇಡಂ, ಇದೇನು ಇಲ್ಲಿ ನಿಂತಿದೀರಿ,” ಎಂದೆ.

“ಇಲ್ಲಿಗೆ ಶಬ್ದ ಚೆನ್ನಾಗಿ ಕೇಳುತ್ತೆ,” ಎಂದರು. ಒಳಗೆ ಮಕ್ಕಳು ಆಡುತ್ತಿದ್ದರು. ಟಕ್ ಟಕ್ ಎಂದು ಚೆಂಡಿನ ಸದ್ದು. “ಮೇಲಂಚಿಗೆ ಸವರಿದ್ರೆ ಒಂಥರಾ, ಬದಿಗೆ ತಾಗಿದ್ರೆ ಒಂಥರಾ. ಕೇಳ್ತಾ ಕೇಳ್ತಾ ಈಗ ತಪ್ಪದೆ ಗೊತ್ತಾಗುತ್ತೆ. ಅವತ್ತು ಜನರ ಗಲಾಟೆ. ಶಬ್ದ ನೆನಪಿಗೆ ತಂದ್ಕೊಳ್ಳೋಕೆ ನೋಡ್ತೀನಿ, ಬರಲ್ಲ.”

ಫೈನಲ್ ಮುಗಿದು ಆಗಲೇ ಎಷ್ಟೋ ವರ್ಷವಾಗಿತ್ತು. ನಾನು ಒಳಗೆ ಹೋಗಿ ಅರ್ಧ ಗಂಟೆ ಕೂತು ಬಂದೆ. ಆಗಲೂ ಅಲ್ಲೇ ನಿಂತಿದ್ದರು.

ಹೋದ ತಿಂಗಳು ಒಂದು ಬೆಳಗ್ಗೆ ಅವರ ಮನೆಯ ಒಡತಿ ಫೋನ್ ಮಾಡಿದರು. ಹಾಲಿನ ಪ್ಯಾಕೆಟ್ಟು ಮೆಟ್ಟಿಲ ಮೇಲೇ ಬಿದ್ದಿತ್ತಂತೆ. ಬಾಗಿಲು ತೆಗೆಸಿ ನೋಡಿದರೆ ಮಲಗಿದ್ದ ಹಾಗೇ ಇದ್ದರು. ಹೃದಯ ನಿಂತಿದೆ ಎಂದರು ಡಾಕ್ಟರು. ಪುಣೆಯಿಂದ ತಮ್ಮನ ಮಗ ಬಂದ. ಚಿತಾಗಾರದಲ್ಲಿ ನಾವು ಇದ್ದದ್ದು ಕೈಬೆರಳಲ್ಲಿ ಎಣಿಸುವಷ್ಟು ಜನ. ಹಾಲ್‌ನ ಗುಂಪಿನಿಂದ ಮೂರ್ನಾಲ್ಕು ಜನ ಬಂದಿದ್ದರು, ಟೀ ಪುಡಿ ಎಂದಿದ್ದವನೂ ಬಂದಿದ್ದ.

ವೈಕುಂಠ ಸಮಾರಾಧನೆಯ ಊಟವನ್ನು ಆ ಹುಡುಗ ಒಂದು ಚಿಕ್ಕ ಛತ್ರದಲ್ಲಿ ಇಟ್ಟುಕೊಂಡಿದ್ದ. ಎಲೆ ಹಾಕಿದ ಮೇಲೆ ಅರ್ಧದಷ್ಟು ಜಾಗ ಖಾಲಿ. ಊಟ ಶುರುವಾಗಬೇಕು, ಆಗ ಬಾಗಿಲಲ್ಲಿ ಸಿಂಚನಾ ನಿಂತಿದ್ದಳು. ಹುಬ್ಬಳ್ಳಿಯ ರೈಲಿನಿಂದ ನೇರ ಬಂದಿದ್ದಳು, ಹೆಗಲಲ್ಲಿ ಬ್ಯಾಗು. ದೊಡ್ಡವಳಾಗಿದ್ದಳು, ಕನ್ನಡಕ ಬಂದಿತ್ತು. ನನ್ನ ಪಕ್ಕದ ಎಲೆಗೆ ಕೂತಳು. ಬಡಿಸಿದ್ದನ್ನು ಕಲಸಿದಳೇ ಹೊರತು ತಿನ್ನಲಿಲ್ಲ.

ಊಟ ಮುಗಿದ ಮೇಲೆ ಅವಳಿಗೆ ಆಟೋ ಹಿಡಿಸಲು ರಸ್ತೆಗೆ ಬಂದು ನಿಂತೆ. ಮಧ್ಯಾಹ್ನದ ಬಿಸಿಲು, ಆಟೋಗಳೆಲ್ಲ ತುಂಬಿಕೊಂಡು ಹೋಗುತ್ತಿದ್ದವು.

“ಅಂಕಲ್, ಆ ಫೈನಲ್ ವಿಷಯ ಅವ್ರು ಯಾವತ್ತಾದ್ರೂ ಮಾತಾಡಿದ್ರಾ?” ಎಂದಳು.

“ಯಾಕಮ್ಮ?” ಎಂದೆ.

“ಅದು ತಾಗಿತ್ತು ಅಂಕಲ್. ಮೇಲಂಚಿಗೇ.” ಅವಳು ರಸ್ತೆಯ ಕಡೆ ನೋಡುತ್ತಾ ಹೇಳುತ್ತಿದ್ದಳು. “ನಾನು ಬ್ಯಾಟ್ ಹಾಕಿದ್ದು ಕೆಳಗೆ, ಚೆಂಡು ಪುಟಿದು ನನ್ನ ಬ್ಯಾಟ್ ಮೇಲಿಂದ ಹೋಯ್ತು. ಬದಿಗೆ ತಾಗಿದ ಚೆಂಡು ಮೇಲಕ್ಕೆ ಏಳಲ್ಲ. ಏಳೋಕಾಗಲ್ಲ. ನಂಗೆ ಆ ಕ್ಷಣಾನೇ ಗೊತ್ತಾಗಿತ್ತು.”

“ಮತ್ತೆ ಅವತ್ತು ಕೈ ಕೊಡ್ಲಿಲ್ವಲ್ಲಮ್ಮ ನೀನು,” ಎಂದೆ.

“ತಾಗಿದ್ರೂ ಅವ್ರು ನನ್ನ ಕಡೆ ಕೊಡ್ತಾರೆ ಅಂದ್ಕೊಂಡಿದ್ದೆ. ನನಗೋಸ್ಕರ ಒಂದೇ ಒಂದು ಸಲ. ಹದಿನೇಳು ವರ್ಷ ಅಂಕಲ್ ಆಗ ನನಗೆ.” ಕನ್ನಡಕ ತೆಗೆದು ಒರೆಸಿಕೊಂಡಳು. “ಆಮೇಲೆ ನಾಚಿಕೆ ಆಯ್ತು. ಫೋನ್ ಮಾಡೋಣ ಅಂತ ಎಷ್ಟು ಸಲ ಅಂದ್ಕೊಂಡೆ. ಮಾಡಿ ಏನ್ ಹೇಳೋದು? ತಾಗಿತ್ತು ಅಂತಾನಾ? ಅದು ಅವ್ರಿಗೇ ಗೊತ್ತಿತ್ತಲ್ಲ. ಎಲ್ರೂ ಏನೇನೋ ಅಂದ್ರೂ ಅವ್ರು ಒಬ್ರು ಸರಿಯಾಗಿ ನೋಡಿದ್ರು. ನೋಡಿದ್ರು ಅಲ್ವಾ ಅಂಕಲ್?”

ಒಂದು ಖಾಲಿ ಆಟೋ ಬಂದು ನಿಂತಿತು.

“ನೋಡಿದ್ರು ಕಣಮ್ಮ,” ಎಂದೆ.

ಅವಳು ಬಗ್ಗಿ ನನ್ನ ಕಾಲು ಮುಟ್ಟಿ ಆಟೋ ಹತ್ತಿದಳು.

ನಾನು ಅಂಗಡಿಗೆ ಹೋಗಬೇಕಿತ್ತು. ಹೋಗಲಿಲ್ಲ. ಕಾಲು ಲಕ್ಷ್ಮೀಪುರಂ ಕಡೆಗೆ ಎಳೆಯಿತು. ನಡುವೆ ಎಲ್ಲೂ ನಿಲ್ಲದೆ, ಹೊತ್ತಾಗಿಬಿಡುತ್ತದೇನೋ ಎನ್ನುವಂತೆ ಬಿರಬಿರನೆ ನಡೆದೆ. ಆ ಮನೆಯ ಗೇಟು ತೆರೆದು, ಪಕ್ಕದ ಮೆಟ್ಟಿಲ ಹತ್ತಿರ ಹೋಗಿ, ಮೊದಲನೇ ಮೆಟ್ಟಿಲ ಮೇಲೆ ಕಾಲಿಟ್ಟ ಮೇಲೆ ನಿಂತೆ. ಸದ್ದು ಕೇಳಿ ಒಳಗಿಂದ ಮನೆಯ ಒಡತಿ ಬಂದರು. ನನ್ನನ್ನು ನೋಡಿದರು, ಮೇಲೆ ಬೀಗ ಹಾಕಿದ ಬಾಗಿಲನ್ನು ನೋಡಿದರು.

“ಏನಾದ್ರೂ ಬೇಕಿತ್ತಾ ಗೌಡ್ರೇ?” ಎಂದರು.

“ಏನಿಲ್ಲ ಬುಡಿ ಅಮ್ಮ,” ಎಂದೆ. “ಮೇಡಮ್ಮಿಗೆ ಒಂದು ಮಾತು ಹೇಳೋದಿತ್ತು.”